ಎರಡನೇ ಮಹಡಿಯ ವೇಗ

ನಮ್ಮ ಸೋದರಮಾವನ ಕಾರನ್ನು ಹಿಂದೆ ಹಾಕದ ವಾಹನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳಲ್ಲಿ ಯಾವುದಾದರೂ ಇದ್ದರೆ ಅದು ಪಂಕ್ಚರ್ ಆಗಿ ರಸ್ತೆ ಪಕ್ಕದಲ್ಲಿ ನಿಂತಿರಬೇಕು! ಟ್ರ್ಯಾಕ್ಟರುಗಳು ಹಿಂದೆ ಹಾಕಿವೆ. ಮೆಕ್ಕೆಜೋಳ ಹೇರಿಕೊಂಡು ಏದುಸಿರು ಬಿಡುವ ಲಾರಿಗಳು ಹಿಂದೆ ಹಾಕಿವೆ. ಒಮ್ಮೆ ಸೈಕಲ್ಲಿನ ಮೇಲೆ ಐಸ್‌ಕ್ಯಾಂಡಿ ಮಾರುವವನೊಬ್ಬ ಹಿಂದೆ ಹಾಕಿ, ಒಂದಿಷ್ಟು ಮುಂದೆ ಹೋಗಿ ನಿಂತು, ಕಾರು ಬರುವವರೆಗೆ ಕಾದು, ಮಾವನ ಪಕ್ಕ ಕೂತಿದ್ದ ನಮ್ಮತ್ತೆಗೆ ಐಸ್‌ಕ್ಯಾಂಡಿ ಮಾರಿ ಹೋದದ್ದೂ ಉಂಟು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ, ಅತ್ತೆಯೇ ಹೇಳಿದ್ದು. ಅತ್ತೆ ಕಟ್ಟಿ ಹೇಳಿದ್ದರೆ ಅದಕ್ಕೆ ನಾನು ಜವಾಬ್ದಾರಳಲ್ಲ.

ಮಾವ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ನಿವೃತ್ತರಾಗಿ ಕೊಟ್ಟೂರಿನಲ್ಲಿ ಮನೆ ಕಟ್ಟಿಕೊಂಡು, ಒಂದು ಬಿಳಿ ಕಾರು ಇಟ್ಟುಕೊಂಡು, ಆ ಕಾರನ್ನು ನಲವತ್ತರ ಮೇಲೆ ಒಂದು ಕೂದಲೆಳೆಯಷ್ಟೂ ಓಡಿಸದೆ ಸುಖವಾಗಿದ್ದಾರೆ. ಸುಖ ಅವರಿಗೆ, ಹಿಂದೆ ಬರುವವರದು ಬೇರೆ ಕಥೆ. ಇಕ್ಕಟ್ಟಾದ ರಸ್ತೆಯಲ್ಲಿ ಒಮ್ಮೆ ಸರ್ಕಾರಿ ಬಸ್ಸೊಂದು ಬಹಳ ಹೊತ್ತು ಹಾರನ್ನು ಹೊಡೆದು ಸೋತಿತು. ಕೊನೆಗೆ ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ಕೂಗಿದ. "ಮೇಷ್ಟ್ರೇ, ಸೈಡ್ ಕೊಡ್ರೀ! ಪ್ಯಾಸೆಂಜರ್ಸು ಇಳದು ನಡಕೊಂತ ಹೊಂಟ್ರು!"

ಮಾವ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಇಳಿದು, ಬಸ್ಸಿನ ಬಾಗಿಲ ಹತ್ತಿರ ಹೋಗಿ ಸಾವಧಾನವಾಗಿ ಕೇಳಿದರು. "ಏನಪಾ, ಅರ್ಜೆಂಟೇನು? ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಮೂವತ್ತು ಕಿಲೋಮೀಟರ್ ಹೊಂಟೈತಿ. ನೀನೂ ಅದರ ಮ್ಯಾಲೇ ಅದಿ, ನಾನೂ ಅದರ ಮ್ಯಾಲೇ ಅದೀನಿ. ಇನ್ನೂ ಎಷ್ಟು ಜೋರು ಹೋಗಬೇಕು?"

ಬಸ್ಸಿನವರು ಅಷ್ಟರಲ್ಲಿ ಸೈಡು ಸಿಕ್ಕಿತಲ್ಲ ಎಂದು ಹೊರಟೇಬಿಟ್ಟಿದ್ದರು. ಮಾವನ ಪ್ರಶ್ನೆಗೆ ಉತ್ತರ ಹೇಳಲು ಅಲ್ಲಿ ಧೂಳು ಮಾತ್ರ ಉಳಿದಿತ್ತು.

ಇಂಥ ಮನುಷ್ಯನ ಕೈಯಲ್ಲಿ ನನ್ನ ಉದ್ಯೋಗ ಸಿಕ್ಕಿಹಾಕಿಕೊಂಡಿತು ನೋಡಿ! ನಾನು ದನದ ಡಾಕ್ಟರು. ಹಗರಿಬೊಮ್ಮನಹಳ್ಳಿ ಸುತ್ತಿನ ಹಳ್ಳಿಗಳಿಗೆ ಹೋಗಬೇಕು. ಕುರಿಹಟ್ಟಿಗಳಿರುವ ಕಡೆಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಕುರಿಗಳಿಗೆ ಈ ವೇಳಾಪಟ್ಟಿ ಗೊತ್ತಿಲ್ಲ, ಅವು ಮಧ್ಯಾಹ್ನವೇ ಕಾಯಿಲೆ ಬೀಳುತ್ತವೆ. ಕಾರು ಬೇಕೇ ಬೇಕು. ಅಪ್ಪ ಕೊಡಿಸಲು ಸಿದ್ಧ, ಆದರೆ ಒಂದು ಷರತ್ತು. "ನಿಮ್ಮ ಮಾಮಾ ಹೂಂ ಅನ್ನಲಿ. ಅವತ್ತೇ ಕಾರು ಬಾಗಿಲಿಗೆ ಬರತೈತಿ." ನಮ್ಮ ಮನೆತನದಲ್ಲಿ ಸ್ಟೀರಿಂಗ್ ಹಿಡಿಯುವ ಯಾರೇ ಆಗಲಿ ಮಾವನಿಂದ ಹೂಂ ಅನ್ನಿಸಿಕೊಳ್ಳಬೇಕು. ಅಮ್ಮನಿಗಂತೂ ತನ್ನ ಅಣ್ಣನ ಮಾತು ಬಂದರೆ ಮುಗಿಯಿತು, ಮೇಲೆ ಅಪೀಲಿಲ್ಲ.

ನನ್ನ ಹತ್ತಿರ ಲೈಸೆನ್ಸು ಇತ್ತು! ಅದನ್ನು ಮಾವನ ಮುಂದೆ ಹಿಡಿದೆ. ಕನ್ನಡಕ ಏರಿಸಿ ನೋಡಿದರು. "ಫೋಟೋ ಚಲೋ ಬಂದೈತಿ" ಎಂದು ವಾಪಸ್ಸು ಕೊಟ್ಟರು. ಹೋಗಲಿ, ಸ್ಕೂಟಿಯಾದರೂ ತೆಗೆದುಕೊಳ್ಳಲೇ ಎಂದೆ. "ನಿಂತರ ಬೀಳೋದನ್ನ ನಾ ವಾಹನ ಅನ್ನಂಗಿಲ್ಲ" ಎಂದರು. ಇನ್ನೇನು ಉಳಿಯಿತು? ಭಾನುವಾರ ಭಾನುವಾರ ಕೊಟ್ಟೂರಿಗೆ ಹೋಗಿ ಮಾವನ ಶಿಷ್ಯೆಯಾದೆ.

ನನ್ನ ಸ್ವಭಾವ ಸ್ವಲ್ಪ ಹೇಳಬೇಕು. ನಾನು ಊಟಕ್ಕೆ ಕೂತರೆ ಉಳಿದವರು ಉಪ್ಪಿನಕಾಯಿ ನೆಂಚಿಕೊಳ್ಳುವಷ್ಟರಲ್ಲಿ ಕೈ ತೊಳೆದಿರುತ್ತೇನೆ. ಹಾಲು ಉಕ್ಕಲಿ ಎಂದು ಕಾಯುವುದೆಂದರೆ ನನಗೆ ಶಿಕ್ಷೆ. ಅಂಥವಳಿಗೆ ಮೊದಲ ಭಾನುವಾರ ಮಾವ ಕಲಿಸಿದ್ದೇನು? ಕಾರು ತಳ್ಳುವುದು!

"ಹ್ಯಾಂಡ್‌ಬ್ರೇಕ್ ಬಿಟ್ಟೀನಿ. ನೂಕು" ಎಂದರು. ನೂಕಿದೆ. ಮೊದಲು ಅಲುಗಾಡಲಿಲ್ಲ, ಆಮೇಲೆ ಹೊರಟಿತು. "ಈಗ ನಿಂದ್ರಸು" ಎಂದರು. ಓಡುತ್ತ ಮುಂದೆ ಹೋಗಿ ಅಡ್ಡ ನಿಂತು ಒತ್ತಿದೆ. ಅದು ನನ್ನನ್ನೇ ಹಿಂದೆ ಹಿಂದೆ ಒತ್ತಿಕೊಂಡು ಎದುರುಮನೆಯ ಕಟ್ಟೆಯವರೆಗೆ ಹೋಯಿತು. ಒಳಗೆ ಕೂತಿದ್ದ ಮಾವ ನಿಧಾನವಾಗಿ ಬ್ರೇಕು ಒತ್ತಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ನಡಗಿ ವ್ಯಾಗಕ್ಕ ಇಷ್ಟು ಹಟ ಮಾಡತೈತಿ. ನಲವತ್ತಕ್ಕ ಎಷ್ಟು ಮಾಡಬೇಕು ಹೇಳು?" ಕಾರು ಕೆಟ್ಟಿದೆ ಎಂದುಕೊಂಡ ಓಣಿಯ ಜನ ಒಬ್ಬೊಬ್ಬರಾಗಿ ಬಂದು ಕೈ ಹಾಕಿ, ಬೇಡ ಬೇಡ ಎಂದರೂ ಕೇಳದೆ, ಕಾರನ್ನು ಮೆಕ್ಯಾನಿಕ್ ಅಂಗಡಿಯವರೆಗೆ ತಳ್ಳಿಕೊಂಡು ಹೋಗಿ ಪುಣ್ಯ ಕಟ್ಟಿಕೊಂಡರು.

ಎರಡನೆಯ ಪಾಠಕ್ಕೆ ಮೂರು ಬೂದುಗುಂಬಳಕಾಯಿ ಬೇಕಾದವು. ಮಾವನ ಲೆಕ್ಕದಲ್ಲಿ ವೇಗಕ್ಕೆ ಕಿಲೋಮೀಟರಿನ ಮಾತೇ ಇಲ್ಲ, ಮಹಡಿಯ ಮಾತು. ಇಪ್ಪತ್ತಕ್ಕೆ ಹೋಗಿ ಗೋಡೆಗೆ ಗುದ್ದುವುದೂ ಕಾಂಪೌಂಡ್ ಗೋಡೆಯ ಮೇಲಿಂದ ಬೀಳುವುದೂ ಒಂದೇ. ನಲವತ್ತಕ್ಕೆ ಗುದ್ದಿದರೆ ಎರಡು ಮಹಡಿಯ ಮೇಲಿಂದ ಬಿದ್ದ ಹಾಗೆ. ಹಾಗಾದರೆ ಎಂಬತ್ತಕ್ಕೆ? ನಾನು ನಾಲ್ಕು ಮಹಡಿ ಎಂದೆ. ಮಾವ ಹಣೆ ಚಚ್ಚಿಕೊಂಡರು.

"ಎಂಟು! ಎಂಟು ಮಾಳಿಗಿ! ವ್ಯಾಗ ಎರಡು ಪಟ್ಟಾದರ ಹೊಡತ ನಾಲ್ಕು ಪಟ್ಟು ಆಗತೈತಿ. ದನದ ಡಾಕ್ಟರಿಕಿ ಓದಾಗ ಇದನ್ನ ಕಲಸಂಗಿಲ್ಲೇನು?"

"ದನ ಎಂಬತ್ತಕ್ಕ ಓಡಂಗಿಲ್ಲ ಮಾಮಾ" ಎಂದೆ.

"ಅದಕ್ಕ ಅವು ನಿಮಗಿಂತ ಶಾಣ್ಯಾ" ಎಂದು ಕುಂಬಳಕಾಯಿ ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಒಂದನ್ನು ಕಾಂಪೌಂಡಿನ ಮೇಲಿಂದ ಬಿಟ್ಟರು, ಸೀಳು ಬಿಟ್ಟಿತು. ಇನ್ನೊಂದನ್ನು ಮೊದಲ ಮಹಡಿಯಿಂದ ಬಿಟ್ಟರು, ನಾಲ್ಕು ಹೋಳಾಯಿತು. ಮೂರನೆಯದನ್ನು ಮೇಲಿನ ಮಾಳಿಗೆಯಿಂದ ಬಿಟ್ಟಾಗ ಅದರ ಬೀಜ ಎದುರುಮನೆಯ ರಂಗೋಲಿಯವರೆಗೂ ಹಾರಿತು. ಅವತ್ತು ಅಮಾವಾಸ್ಯೆ ಎಂಬುದು ನಮಗಿಬ್ಬರಿಗೂ ನೆನಪಿರಲಿಲ್ಲ! ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ಕೈಮುಗಿದರು. ಪಕ್ಕದ ಕಿರಾಣಿ ಅಂಗಡಿಯವರು ಕಾಳಜಿಯಿಂದ ಕೇಳಿದರು. "ಮೂರು ಕಾಯಿ ಒಡದ್ರಿ ಅಂದ್ರ ಜಬರ್ದಸ್ತ್ ದೃಷ್ಟಿನೇ ಇರಬೇಕು. ಯಾರ ಕಣ್ಣು ಬಿತ್ತು ಮೇಷ್ಟ್ರೇ?"

"ಭೂಮಿದು" ಎಂದರು ಮಾವ ಮೇಲಿನಿಂದಲೇ. "ಅದರ ಕಣ್ಣು ಎಲ್ಲಾರ ಮ್ಯಾಲೂ ಐತಿ."

ಮುಂದಿನ ಅಮಾವಾಸ್ಯೆಗೆ ಇಬ್ಬರು ಅಂಗಡಿಯವರು ತಮ್ಮ ತಮ್ಮ ಕುಂಬಳಕಾಯಿ ಹಿಡಿದು, ನಿಮ್ಮ ಮಾಳಿಗೆಯಿಂದ ನಮ್ಮದೂ ಒಂದು ಬಿಡಿ ಎಂದು ಬಂದರಂತೆ. ಮಾವ ಬೇಸರಿಸದೆ ಬಿಟ್ಟುಕೊಟ್ಟರು, ಜೊತೆಗೆ ಮಹಡಿಯ ಲೆಕ್ಕವನ್ನೂ ಹೇಳಿದರು. ಅಂಗಡಿಯವರು ಅದನ್ನು ಮಂತ್ರವೆಂದೇ ತಿಳಿದು ತಲೆಬಾಗಿ ಕೇಳಿದರು.

ಅಲ್ಲಿಂದ ಮುಂದೆ ಯಾರನ್ನು ಕಂಡರೂ ಮಾವ ಮಹಡಿಯಲ್ಲೇ ಅಳೆಯುತ್ತಿದ್ದರು. ಯಾರೋ ಬೈಕಿನಲ್ಲಿ ನೂರಕ್ಕೆ ಭರ್ರೆಂದು ಹೋದರೆ "ಹದಿಮೂರನೇ ಮಹಡಿ ಮ್ಯಾಲೆ ಹೊಂಟಾನ, ಕಂಬಿ ಸೈತ ಹಿಡಕೊಂಡಿಲ್ಲ" ಎನ್ನುವರು. ಎರಡಂತಸ್ತಿನ ಮೇಲೆ ಕಟ್ಟಡವೇ ವಿರಳವಾಗಿರುವ ನಮ್ಮ ಊರುಗಳಲ್ಲಿ ಹದಿಮೂರನೇ ಮಹಡಿಯವರು ಎಷ್ಟೊಂದು ಜನ!

ಪ್ರಕೃತಿಯೂ ಮಾವನ ಪಕ್ಷವೇ. ಮಳೆ ಬಂದರೆ ಕಿಟಕಿಯಾಚೆ ಕೈ ಚಾಚಿ ಹನಿ ಹಿಡಿದು ತೋರಿಸುವರು. "ನೋಡು, ಅಷ್ಟು ಎತ್ತರದಿಂದ ಬಂದೈತಿ. ಗಾಳಿ ಬ್ರೇಕ್ ಹಿಡೀಲಿಲ್ಲಂದ್ರ ನಿನ್ನ ನೆತ್ತಿ ತೂತು. ಹನಿಗೂ ಲಿಮಿಟ್ ಐತಿ, ಬೆಳಕಿಗೂ ಲಿಮಿಟ್ ಐತಿ. ಲಿಮಿಟ್ ಇಲ್ಲದವರಂದ್ರ ಈಗಿನ ಹುಡುಗರು ಒಬ್ಬರೇ!" ಹಡಗಲಿಗೆ ಹೋದಾಗ ಅತ್ತೆ ಮಲ್ಲಿಗೆ ಮೊಗ್ಗು ಕೊಂಡರೆ ಕೊಟ್ಟೂರು ಮುಟ್ಟುವಷ್ಟರಲ್ಲಿ ಕಾರಿನೊಳಗೇ ಪೂರಾ ಅರಳಿರುತ್ತಿತ್ತು. ಅತ್ತೆ ಮೂತಿ ತಿರುವಿದರೆ ಮಾವನಿಗೆ ಹೆಮ್ಮೆ. "ಜೋರು ಬಂದಿದ್ದರ ಬರೇ ಮೊಗ್ಗು ತರತಿದ್ದಿ. ನಾ ಹೂವು ತಂದುಕೊಟ್ಟೀನಿ."

ವೇಗಮಿತಿಯ ಫಲಕವೆಂದರಂತೂ ಮಾವನಿಗೆ ದೇವರ ಪಟ. ಒಂದು ಸೇತುವೆಯ ಹತ್ತಿರ ಕಾಮಗಾರಿ ನಡೆದಾಗ ಇಪ್ಪತ್ತು ಎಂದು ಬೋರ್ಡು ಹಾಕಿದ್ದರು. ಕಾಮಗಾರಿ ಮುಗಿಯಿತು, ಬೋರ್ಡು ಕೀಳುವುದನ್ನು ಮರೆತರು. ಅದು ಬಾಗಿ, ತುಕ್ಕು ಹಿಡಿದು, ಅದರ ಮೇಲೆ ಬಳ್ಳಿ ಹಬ್ಬಿತು. ಮಾವ ಮಾತ್ರ ಇಂದಿಗೂ ಅಲ್ಲಿ ಇಪ್ಪತ್ತು!

ಆದರೆ ನಮ್ಮ ಕಡೆ ಒಂದು ಪದ್ಧತಿಯಿದೆ, ಅದರ ಮುಂದೆ ಮಾವನ ಕಾಯಿದೆಪ್ರೇಮವೂ ಸ್ವಲ್ಪ ಜಾರುತ್ತದೆ. ಸುಗ್ಗಿ ಬಂತೆಂದರೆ ನಮ್ಮ ರೈತರಿಗೆ ಡಾಂಬರು ರಸ್ತೆಯೇ ಕಣ. ಹುರುಳಿ, ಸಜ್ಜೆ, ನವಣೆ ಏನಿದ್ದರೂ ತಂದು ರಸ್ತೆಯ ಮೇಲೆ ಹಾಸಿಬಿಡುತ್ತಾರೆ. ಹೋಗುವ ಬರುವ ಗಾಡಿಗಳ ಚಕ್ರ ತುಳಿದು ಕಾಳು ಬಿಡಿಸಬೇಕು! ಲಾರಿ ಜೋರಾಗಿ ಹೋದರೆ ಕಾಳು ಚೆಲ್ಲಾಪಿಲ್ಲಿ. ಬೈಕು ಹೋದರೆ ಬೈಕಿನವನೇ ಚೆಲ್ಲಾಪಿಲ್ಲಿ. ಒಂದು ಕಾಳೂ ಸಿಡಿಯದಂತೆ, ಒಂದು ತೆನೆಯೂ ತಪ್ಪದಂತೆ ತುಳಿಯುವ ವಾಹನ ಈ ಐದು ತಾಲ್ಲೂಕಿಗೆ ಒಂದೇ. ಬಿಳಿ ಕಾರು ದೂರದಲ್ಲಿ ಕಂಡರೆ ಸಾಕು, ಹೆಣ್ಣುಮಕ್ಕಳು ಸೆರಗು ಸಿಕ್ಕಿಸಿ, ಹುಲ್ಲು ಹರವಿ, ಕೈಬೀಸುತ್ತಾರೆ.

"ಬರ್ರಿ ಮೇಷ್ಟ್ರೇ, ಬರ್ರಿ! ಇನ್ನೊಂದು ಸುತ್ತು ಹೊಡೀರಿ!"

"ಇದು ಕಾನೂನಿಗೆ ವಿರುದ್ಧ ಐತಿ ತಾಯಿ" ಎನ್ನುತ್ತಾರೆ ಮಾವ, ರಿವರ್ಸ್ ಗೇರು ಹಾಕುತ್ತ. "ಎಂಬತ್ತಕ್ಕ ಬಂದವನು ಈ ಹುಲ್ಲಿನ ಮ್ಯಾಲೆ ಬ್ರೇಕ್ ಒತ್ತಿದರ ಜಾರಿ ನಿಮ್ಮ ಹೊಲದಾಗ ಇಳೀತಾನ. ನಾಳೆಯಿಂದ ಹಾಕಬ್ಯಾಡ್ರಿ" ಎಂದು ಮುಂದೆ ಹೋಗಿ, ತಿರುಗಿಸಿಕೊಂಡು ಮತ್ತೆ ಬರುತ್ತಾರೆ. ಹಿಂದೆ ರೇಷ್ಮೆ ಸೀರೆ ಉಟ್ಟು ಮದುವೆಗೆ ಹೊರಟ ಅತ್ತೆ ಕೂತಿರುತ್ತಾಳೆ. ಹೀಗೆ ಎಷ್ಟು ಮದುವೆಗಳಲ್ಲಿ ಅತ್ತೆ ಅಕ್ಷತೆಯ ಹೊತ್ತಿಗೆ ಹುರುಳಿ ತುಳಿಯುತ್ತಿದ್ದಳೋ ಶಿವನೇ ಬಲ್ಲ.

ಅತ್ತೆಯ ತಾಳ್ಮೆಗೆ ನನ್ನ ಕಲಿಕೆಯಿಂದ ಇನ್ನೊಂದು ಪರೀಕ್ಷೆ ಬಂತು. ನಾನು ಕಾರು ಓಡಿಸುವಾಗ ಅವಳು ಹಿಂದಿನ ಸೀಟಿನಲ್ಲಿ ತುಂಬಿದ ಮಜ್ಜಿಗೆಯ ತಂಬಿಗೆ ಹಿಡಿದು ಕೂರಬೇಕು. ತುಳುಕಿತೆಂದರೆ ನಾನು ಫೇಲು. ಕ್ಲಚ್ಚು ಬಿಟ್ಟೆ, ತುಳುಕಿತು. ಬ್ರೇಕು ಒತ್ತಿದೆ, ತುಳುಕಿತು. ಒಂದು ಹಂಪು ಹತ್ತಿ ಇಳಿದೆ, ತಂಬಿಗೆಯಲ್ಲಿ ಉಳಿದದ್ದು ಕರಿಬೇವು.

"ಏನ್ರಿ, ನಿಮ್ಮ ಪಾಠ ಮುಗಿಯೋದ್ರಾಗ ನನ್ನ ಸೀರಿಗೋಳೆಲ್ಲ ಮಸರನ್ನ ಆಗತಾವ" ಎಂದಳು ಅತ್ತೆ.

ಮಾವ ಹೂಂ ಎನ್ನಲಿಲ್ಲ. ಭಾನುವಾರಗಳು ಹೋದವು. ನಾನು ಮಜ್ಜಿಗೆ ಚೆಲ್ಲದೆ ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗಿ ಬಂದೆ. "ಇನ್ನೂ ಇಲ್ಲ" ಎಂದರು. ಇಳಿಜಾರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದೆ ಎತ್ತಿದೆ, "ಇನ್ನೂ ಇಲ್ಲ."

ಈ ಮನುಷ್ಯ ಯಾಕೆ ಹೀಗೆ? ಊರಿನಲ್ಲಿ ಬಗೆಬಗೆಯ ಕಥೆಗಳಿದ್ದವು. ಕ್ಷೌರದಂಗಡಿಯವರ ಪ್ರಕಾರ ವಯಸ್ಸಿನಲ್ಲಿ ಎತ್ತಿನಗಾಡಿಗೆ ಗುದ್ದಿದ್ದರು. ಚಹಾದಂಗಡಿಯಲ್ಲಿ ಕೇಳಿದರೆ ಗುದ್ದಿದ್ದು ಮರಕ್ಕೆ, ಅದೂ ಹುಣಸೆಮರಕ್ಕೆ. ನಾನು ಒಂದು ದಿನ ಧೈರ್ಯ ಮಾಡಿ, ದನಿ ಮೆತ್ತಗೆ ಮಾಡಿ, ಕಣ್ಣೀರಿಗೆ ಸಿದ್ಧಳಾಗಿಯೇ ಕೇಳಿದೆ. "ಮಾಮಾ, ಖರೇ ಹೇಳ್ರಿ. ಏನಾಗಿತ್ತು?"

"ಏನಾಗಿತ್ತು ಅಂದ್ರ?"

"ಆಕ್ಸಿಡೆಂಟು."

"ಏನೂ ಆಗಿಲ್ಲ. ಒಂದು ಕೋಳಿಗೂ ತಾಗಿಲ್ಲ" ಎಂದು ಮಾವ ಬೆರಗಾದರು. "ಆದಮ್ಯಾಲೆ ಕಲಿಯೋದಾದ್ರ ಫಿಸಿಕ್ಸ್ ಯಾಕ ಬೇಕವ್ವಾ? ದವಾಖಾನಿ ಸಾಕಲ್ಲ!"

ಸಿದ್ಧ ಮಾಡಿಕೊಂಡಿದ್ದ ಕಣ್ಣೀರನ್ನು ವಾಪಸ್ಸು ಕಳಿಸಿದೆ.

ನಗು ನಿಂತ ದಿನವೂ ಒಂದಿತ್ತು. ಒಂದು ಕುರಿಹಟ್ಟಿಯಿಂದ ಫೋನು ಬಂತು. ಕುರಿಗೆ ಹೆರಿಗೆ ನೋವು, ಮರಿ ಅಡ್ಡ ತಿರುಗಿದೆ. ಬೆಳಗಿನ ಬಸ್ಸು ಹೋಗಿಯಾಗಿತ್ತು. ಆಟೋದವರು ಅಷ್ಟು ದೂರ ಬರುವುದಿಲ್ಲ ಎಂದರು. ಯಾರದೋ ಟ್ರ್ಯಾಕ್ಟರು ಹಿಡಿದು, ಕೊನೆಗೆ ನಡೆದು, ಔಷಧದ ಪೆಟ್ಟಿಗೆ ಹೊತ್ತುಕೊಂಡು ಹಟ್ಟಿ ಮುಟ್ಟಿದಾಗ ಕುರಿಯೂ ಹೋಗಿತ್ತು, ಮರಿಯೂ ಹೋಗಿತ್ತು. ಕುರಿ ಸಾಕಿದ ಹೆಂಗಸು ನನ್ನನ್ನು ಬಯ್ಯಲಿಲ್ಲ. "ಬಿಸಲಾಗ ನಡಕೊಂತ ಬಂದ್ರೇನವ್ವಾ? ದಣದೀರಿ, ಕುಂದರ್ರಿ" ಎಂದು ಕಂಬಳಿ ಹಾಸಿ ನೀರು ಕೊಟ್ಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನೇರ ಕೊಟ್ಟೂರಿಗೆ ಹೋದೆ. ಮಾವ ಕಾರಿನ ಗಾಜು ಒರೆಸುತ್ತಿದ್ದರು. ನಡೆದದ್ದೆಲ್ಲ ಹೇಳಿ, ಜೀವನದಲ್ಲಿ ಮೊದಲ ಸಲ ಅವರ ಮುಂದೆ ದನಿ ಎತ್ತಿದೆ. "ನಿಮ್ಮ ಹೂಂ ಬರೋತನಕ ನಾ ಬಸ್ಸಿಗೆ ಕಾಯಬೇಕು. ಕುರಿ ಕಾಯತಾವೇನ್ರಿ? ನಿಮಗ ನಿಧಾನ ಬೇಕು, ನನ್ನ ಕೆಲಸಕ್ಕ ಜೋರು ಬೇಕು!"

ಮಾವ ಬಟ್ಟೆ ಹಿಂಡಿದರು. "ಇಪ್ಪತ್ತು ಕಿಲೋಮೀಟರ್ ದಾರಿ ಅನ್ನು. ನಲವತ್ತಕ್ಕ ಹೋದ್ರ ಅರ್ಧ ತಾಸು. ಅರವತ್ತಕ್ಕ ಹೋದ್ರ ಇಪ್ಪತ್ತು ನಿಮಿಷ. ಹತ್ತು ನಿಮಿಷ ಉಳಸಾಕ ಎರಡನೇ ಮಹಡಿಯಿಂದ ಐದನೇದಕ್ಕ ಹತ್ತತಿಯೇನು? ಹತ್ತು ನಿಮಿಷ ಮೊದಲ ಹೊರಡು."

"ಅಡ್ಡ ತಿರುಗಿದ ಮರಿ ಹತ್ತು ನಿಮಿಷ ಮೊದಲ ಫೋನ್ ಮಾಡಂಗಿಲ್ಲ ಮಾಮಾ!"

ಮಾವ ಹಿಂಡಿದ ಬಟ್ಟೆಯನ್ನೇ ಮತ್ತೊಮ್ಮೆ ಹಿಂಡಿದರು. ಭೌತಶಾಸ್ತ್ರದಲ್ಲಿ ಮಾವನನ್ನು ಸುಮ್ಮನಾಗಿಸಿದ ಮೊದಲ ವ್ಯಕ್ತಿ ನಾನೇ ಇರಬೇಕು, ಆದರೆ ಅದನ್ನು ಸಂಭ್ರಮಿಸುವ ಮನಸ್ಸಿರಲಿಲ್ಲ. ಬಟ್ಟೆ ಒದರಿ ಅವರೇ ಕೇಳಿದರು. "ನಲವತ್ತಕ್ಕ ಹೋಗಿದ್ದರೂ ಅದು ಉಳೀತಿತ್ತಲ್ಲ?"

"ಉಳೀತಿತ್ತು" ಎಂದೆ. ನಿಜ ಅದೇ ಆಗಿತ್ತು. ನನಗೆ ಬೇಕಾಗಿದ್ದದ್ದು ಜೋರು ಅಲ್ಲ, ಕಾರು.

"ಭಾನುವಾರ ತೆಲಿಗಿಗೆ ಹೋಗೋದೈತಿ, ತೊಟ್ಟಿಲು ಕಾರ್ಯ. ನೀ ಹೊಡಿ" ಎಂದು ಮಾವ ಮತ್ತೆ ಗಾಜು ಒರೆಸತೊಡಗಿದರು.

ತೆಲಿಗಿ ಅತ್ತೆಯ ತವರು. ಈ ಸಲ ತಂಬಿಗೆ ಇರಲಿಲ್ಲ. ಅತ್ತೆಯ ಮಡಿಲಲ್ಲಿ ಕೂಸಿನ ಕುಲಾವಿ, ಬೆಳ್ಳಿ ಕಾಲ್ಗಡಗ. ಮಾವ ಮುಂದಿನ ಎಡಗಡೆಯ ಸೀಟಿನಲ್ಲಿ, ಬೆಲ್ಟು ಬಿಗಿದು, ಬೆನ್ನು ಸೀಟಿಗೆ ತಾಗಿಸದೆ ಕೂತಿದ್ದರು. ಎದುರಿಗೆ ಏನೇ ಬಂದರೂ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಎಮ್ಮೆ ಬಂದರೆ ಒತ್ತಿದರು. ಹಾಳೆ ಹಾರಿ ಬಂದರೂ ಒತ್ತಿದರು. "ಆ ಕಾಲು ಸ್ವಲ್ಪ ತೆಗೀರಿ, ಮ್ಯಾಟು ಹರದೀತು" ಎಂದಳು ಹಿಂದಿನಿಂದ ಅತ್ತೆ.

ಹರಪನಹಳ್ಳಿ ದಾಟಿದ ಮೇಲೆ ಒಂದು ಕಡೆ ರಸ್ತೆ ತುಂಬ ಹುರುಳಿ ಹಾಸಿದ್ದರು. ದೂರದಿಂದ ಯಾರೂ ಕಾಣಲಿಲ್ಲ. ರಸ್ತೆಯಂಚಿನಲ್ಲಿ ಒಂದು ಮೊರ ಮಾತ್ರ ಬಿದ್ದಿತ್ತು. ಮೊರ ಇದೆ ಎಂದಮೇಲೆ ಕೇರುವವರೂ ಇರಬೇಕಲ್ಲ! ಆಕ್ಸಿಲರೇಟರಿನ ಮೇಲಿಂದ ಕಾಲು ತೆಗೆದೆ. ಹುಲ್ಲು ಇನ್ನೂ ಮುಂದಿರುವಾಗಲೇ ಗೇರು ಇಳಿಸಿ, ಬ್ರೇಕು ಮೆತ್ತಗೆ ಒತ್ತಿ, ನಿಂತೇ ನಿಂತ ಹಾಗೆ ಮಾಡಿದೆ. ಆಗ ಹುಲ್ಲಿನ ಗುಡ್ಡೆಯ ಆಚೆಯಿಂದ, ಬಗ್ಗಿ ಕಾಳು ಬಳಿಯುತ್ತಿದ್ದ ಒಬ್ಬ ಮುದುಕಿ ನಡು ಹಿಡಿದುಕೊಂಡು ಮೇಲೆದ್ದಳು. ನಡುರಸ್ತೆಯಲ್ಲಿ! ನಾನು ಹ್ಯಾಂಡ್‌ಬ್ರೇಕನ್ನೂ ಎಳೆದುಬಿಟ್ಟೆ. ಅವಳಿಗೆ ಏನೂ ಅನ್ನಿಸಿರಲಿಲ್ಲ.

"ಬರ್ರವ್ವಾ, ಹತ್ತಸ್ರಿ!" ಎಂದು ಪಕ್ಕಕ್ಕೆ ಸರಿದು ಕೈಬೀಸಿದಳು. ಹತ್ತಿಸಿದೆ. ಕಾಯಿಗಳು ಚಟಪಟ ಒಡೆದವು. ಮಾವನ ಕಡೆ ಕಳ್ಳನೋಟ ನೋಡಿದೆ. ಈಗಲಾದರೂ ಆ ಒಂದಕ್ಷರ ಬಂದೀತು ಎಂದುಕೊಂಡೆ. ಮಾವ ಮುಂದೆ ನೋಡುತ್ತ "ನಡಿ, ತೊಟ್ಟಿಲಕ್ಕ ಹೊತ್ತಾತು" ಎಂದರು. ನನಗೆ ಅಳುವೇ ಬಂತು. ಮುದುಕಿಯನ್ನು ಉಳಿಸಿದರೂ ಹೂಂ ಇಲ್ಲ, ಇನ್ನು ಯಾರನ್ನು ಉಳಿಸಲಿ?

ತೆಲಿಗಿಯಲ್ಲಿ ಹೋಳಿಗೆ ಊಟ. ನಾನು ಸಿಟ್ಟಿನಿಂದ ಉಂಡೆ. ಸಿಟ್ಟಿದ್ದರೂ ಎಲ್ಲರಿಗಿಂತ ಮೊದಲು ಎದ್ದೆ. ಬಿಸಿಲು ಇಳಿಮುಖವಾದ ಮೇಲೆ ಹೊರಟೆವು. ಹರಪನಹಳ್ಳಿ ದಾಟಿ ಕೊಟ್ಟೂರಿನ ದಾರಿ ಹಿಡಿದೆ. ಎದುರಿಗೆ ಒಂದು ಕುರಿಹಿಂಡು ಬಂತು. ನಿಧಾನ ಮಾಡಿ ಹಿಂಡನ್ನು ದಾಟಿಸಿಕೊಂಡ ಮೇಲೆ ಏನೋ ಕಡಿಮೆಯಾಗಿದೆ ಅನ್ನಿಸಿತು. ಮಾವನ ಕಾಲಡಿಯ ಮ್ಯಾಟಿನ ಸದ್ದು ಇರಲಿಲ್ಲ. ತಿರುಗಿ ನೋಡಿದೆ. ಮಾವನ ಬೆನ್ನು ಸೀಟಿಗೆ ಒರಗಿತ್ತು, ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಬಾಯಿ ತುಸು ತೆರೆದಿತ್ತು.

"ಅತ್ತೀ" ಎಂದೆ ಮೆಲ್ಲಗೆ, "ಹೋಳಿಗಿ ಜಾಸ್ತಿ ಆತೇನು?"

ಅತ್ತೆ ಮುಂದೆ ಬಗ್ಗಿ ನೋಡಿದಳು. ಎಷ್ಟೋ ಹೊತ್ತು ನೋಡಿದಳು. "ಹೋಳಿಗಿ ಅಲ್ಲವ್ವಾ" ಎಂದಳು. ಅವಳ ದನಿ ಬೇರೆಯಾಗಿತ್ತು. "ನಾ ಮದುವಿ ಆಗಿ ಬಂದಾಗಿಂದ ನೋಡೀನಿ. ಬಸ್ಸಿನಾಗ, ಕಾರಿನಾಗ, ಯಾರು ಹೊಡದರೂ ಈ ಮನುಷ್ಯ ಕಣ್ಣು ಮುಚ್ಚಿದ್ದಿಲ್ಲ. ನಾ ಮಲಗತಿದ್ದೆ, ನನ್ನ ಸಲುವಾಗೂ ಇವರೇ ಎಚ್ಚರ ಇರತಿದ್ದರು. ನೀ ಹೊಡೀತಿ ಅಂತ ಮಲಗ್ಯಾರ."

ನನ್ನ ಕಣ್ಣು ತುಂಬಿತು, ಒರೆಸಿಕೊಳ್ಳಲು ಸ್ಟೀರಿಂಗ್ ಬಿಡುವಂತಿರಲಿಲ್ಲ. ಹಿಂದೆ ಒಂದು ಲಾರಿ ಬಂತು. ಹಾರನ್ನು ಹೊಡೆಯುವ ಮೊದಲೇ ಅತ್ತೆ ಕಿಟಕಿಯಿಂದ ಕೈ ಹಾಕಿ ಮುಂದೆ ಹೋಗು ಎಂದು ಬೀಸಿದಳು. ಲಾರಿ ಪಕ್ಕಕ್ಕೆ ಬಂದಾಗ ಡ್ರೈವರಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಪುಣ್ಯಾತ್ಮ, ಅಷ್ಟು ದೊಡ್ಡ ಲಾರಿಯನ್ನು ಸದ್ದಿಲ್ಲದೆ ದಾಟಿಸಿಕೊಂಡು ಹೋದ.

ಒಂದು ತಿರುವಿನಲ್ಲಿ ಮಾವನ ತಲೆ ವಾಲಿ ನನ್ನ ಎಡಭುಜಕ್ಕೆ ತಾಗಿತು. ಗೇರು ಬದಲಿಸಲು ಹೋದರೆ ಮೊಣಕೈ ಅಲ್ಲಾಡಿ ಎಚ್ಚರವಾದೀತು. ಹಾಗಾಗಿ ಮೂರನೇ ಗೇರಿನಲ್ಲೇ, ಮೂವತ್ತಕ್ಕೆ, ಕೊಟ್ಟೂರಿನವರೆಗೂ ಬಂದೆ.